ಹಳೆಯ ಕಾರಿಗೆ ಹೊಸ ದೀಪ: ಎದುರಿನವರ ಕಣ್ಣೇ ಅಳತೆಗೋಲು

ಧರ್ಮಪುರಿಯನ್ನು ದಾಟಿ ಸೇಲಂ ಕಡೆಗೆ ಸಾಗುವ 44ನೆಯ ರಾಷ್ಟ್ರೀಯ ಹೆದ್ದಾರಿ ತೊಪ್ಪೂರಿನ ಬಳಿ ಬೆಟ್ಟಗಳ ನಡುವೆ ಇಳಿಯತೊಡಗುತ್ತದೆ. ಹಿಂದೆ 7ನೆಯ ಹೆದ್ದಾರಿಯೆಂದು ಕರೆಸಿಕೊಳ್ಳುತ್ತಿದ್ದ ಈ ದಾರಿಯಲ್ಲಿ ಉತ್ತರದಿಂದ ಸರಕು ಹೊತ್ತು ಬರುವ ಲಾರಿಗಳು ಇಲ್ಲಿಗೆ ತಲುಪುವಾಗ ಬಹು ದೂರ ಓಡಿ ದಣಿದಿರುತ್ತವೆ, ಚಾಲಕರೂ ದಣಿದಿರುತ್ತಾರೆ. ಇಳಿಜಾರಿನಲ್ಲಿ ಬ್ರೇಕ್ ಕಾಯುತ್ತದೆ, ತಿರುವು ಎದುರಾಗುತ್ತದೆ. ತೊಪ್ಪೂರು ಕಣಿವೆಯ ಅಪಘಾತಗಳ ಸುದ್ದಿಯನ್ನು ಓದದೆ ಈ ಎರಡು ಜಿಲ್ಲೆಗಳ ಜನರು ಒಂದು ವರ್ಷವನ್ನೂ ಕಳೆದದ್ದಿಲ್ಲ. ಹೊಸೂರಿನ ಬಂಧುಗಳ ಮನೆಯ ಮದುವೆಯನ್ನು ಮುಗಿಸಿ, ಮರುದಿನ ಮಕ್ಕಳಿಗೆ ಶಾಲೆಯಿದೆಯೆಂದು ರಾತ್ರಿಯೇ ಸೇಲಂಗೆ ಹಿಂದಿರುಗುವ ಕುಟುಂಬದ ಕಾರು ಇದೇ ಇಳಿಜಾರನ್ನು ಇಳಿಯಬೇಕು. ಆ ಕಾರಿಗೆ ಹನ್ನೆರಡೋ ಹದಿನಾಲ್ಕೋ ವರ್ಷ ವಯಸ್ಸಾಗಿದ್ದರೆ ಅದರ ಮುಂದಿನ ದೀಪಗಳು ರಸ್ತೆಯ ಮೇಲೆ ಚೆಲ್ಲುವುದು ಬೆಳಕಲ್ಲ, ಬೆಳಕಿನ ನೆನಪು ಮಾತ್ರ.

ಇಂತಹ ಒಂದು ಪ್ರಯಾಣದ ಮರುವಾರವೇ ಮನೆಯ ಯಜಮಾನರು ಬಿಡಿಭಾಗಗಳ ಅಂಗಡಿಯ ಮುಂದೆ ನಿಂತಿರುತ್ತಾರೆ. ಗಾಜಿನ ಪೆಟ್ಟಿಗೆಯೊಳಗೆ ನೀಲಿ ಹೊಳಪಿನ ಎಲ್‌ಇಡಿ ಬಲ್ಬುಗಳು, ಉಂಗುರದಂತೆ ಉರಿಯುವ ಅಲಂಕಾರದ ದೀಪಗಳು, ಗುಂಡನೆಯ ಮಸೂರವುಳ್ಳ ಪ್ರೊಜೆಕ್ಟರ್‌ಗಳು ಸಾಲಾಗಿರುತ್ತವೆ. ಅಂಗಡಿಯವರು ಒಂದನ್ನು ಬ್ಯಾಟರಿಗೆ ತಗುಲಿಸಿ ಎದುರಿನ ಗೋಡೆಯ ಮೇಲೆ ಬೆಳಕು ಬಿಟ್ಟು ತೋರಿಸುತ್ತಾರೆ. ಗೋಡೆ ಹಾಲಿನಂತೆ ಬೆಳಗುತ್ತದೆ. ಮಾತು ಅಲ್ಲಿಗೆ ಮುಗಿದು ಬೆಲೆಯ ಚೌಕಾಶಿ ಆರಂಭವಾಗುತ್ತದೆ. ಆ ಗೋಡೆಯ ಜಾಗದಲ್ಲಿ ರಾತ್ರಿ ಎದುರಿನಿಂದ ಬರುವ ಮನುಷ್ಯನ ಮುಖವಿರುತ್ತದೆಂಬುದು ಆ ಹೊತ್ತಿನಲ್ಲಿ ಯಾರ ನೆನಪಿಗೂ ಬರುವುದಿಲ್ಲ.

ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಹಳೆಯ ದೀಪ ಮಂಕಾದದ್ದೇಕೆ? ಇತ್ತೀಚಿನ ಮೂರು ದಶಕಗಳ ಕಾರುಗಳ ದೀಪದ ಹೊರಗವಚ ಗಾಜಿನದಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನದು. ಬಿಸಿಲಿನ ನೇರಳಾತೀತ ಕಿರಣಗಳು ಅದರ ಮೇಲಿನ ರಕ್ಷಕ ಲೇಪವನ್ನು ತಿಂದುಹಾಕಿದ ಬಳಿಕ ಅದು ಹಳದಿಗಟ್ಟಿ ಮಂಜಾಗುತ್ತದೆ. ವರ್ಷದಲ್ಲಿ ಎಂಟು ತಿಂಗಳು ಬಿಸಿಲು ಕಾಯುವ ಸೇಲಂ, ಧರ್ಮಪುರಿಗಳಲ್ಲಿ ಮನೆಯ ಮುಂದೆ ಬಯಲಿನಲ್ಲಿ ನಿಲ್ಲುವ ಕಾರಿಗೆ ಈ ರೋಗ ಬೇಗ ತಗಲುತ್ತದೆ. ನೀರು ಹಾಕಿ ಉಜ್ಜುವ ನಯವಾದ ಮರಳುಕಾಗದದಿಂದ ಹಂತಹಂತವಾಗಿ ತಿಕ್ಕಿ, ಪಾಲಿಶ್ ಮಾಡಿ, ಕಡೆಯಲ್ಲಿ ನೇರಳಾತೀತ ಕಿರಣ ತಡೆಯುವ ಪಾರದರ್ಶಕ ಲೇಪ ಕೊಟ್ಟರೆ ಕವಚ ಮತ್ತೆ ತಿಳಿಯಾಗುತ್ತದೆ. ಕಡೆಯ ಲೇಪವನ್ನು ಬಿಟ್ಟವರು ಕೆಲವೇ ತಿಂಗಳಲ್ಲಿ ಅದೇ ಹಳದಿಯನ್ನು ಕಾಣುತ್ತಾರೆ. ಗಾಜಿನ ಕವಚವುಳ್ಳ ಅಂಬಾಸಿಡರ್, ಹಳೆಯ ಜೀಪುಗಳಿಗೆ ಈ ಬಾಧೆಯಿಲ್ಲ. ಅಲ್ಲಿ ಕೆಡುವುದು ಒಳಗಿನ ಬೆಳ್ಳಿಬಣ್ಣದ ಪ್ರತಿಫಲಕ. ಅದು ಕಪ್ಪಾದರೆ ತಿಕ್ಕಿ ಸರಿಪಡಿಸಲಾಗದು, ಬದಲಿಸಬೇಕು.

ಕಣ್ಣಿಗೆ ಕಾಣದ ಇನ್ನೊಂದು ಕಾರಣ ತಂತಿಯಲ್ಲಿದೆ. ಹಳೆಯ ಕಾರುಗಳಲ್ಲಿ ದೀಪದ ವಿದ್ಯುತ್ತು ಬ್ಯಾಟರಿಯಿಂದ ಹೊರಟು ಸ್ಟಿಯರಿಂಗ್ ಬಳಿಯ ಸ್ವಿಚ್ಚನ್ನು ಹಾದು, ಸಣ್ಣ ತಂತಿಯಲ್ಲಿ ದೀರ್ಘ ದಾರಿ ಸುತ್ತಿ ದೀಪಕ್ಕೆ ಬರುತ್ತದೆ. ಸಾಮಾನ್ಯ ಎಚ್4 ಹ್ಯಾಲೊಜೆನ್ ಬಲ್ಬು ಹೈ ಬೀಮಿನಲ್ಲಿ 60 ವಾಟ್, ಲೋ ಬೀಮಿನಲ್ಲಿ 55 ವಾಟ್ ಬೇಡುತ್ತದೆ. ಎರಡು ಬಲ್ಬು ಸೇರಿದರೆ ಒಂಬತ್ತು ಹತ್ತು ಆಂಪಿಯರ್ ಹರಿಯಬೇಕು. ವರ್ಷಗಳು ಕಳೆದಂತೆ ಜೋಡಣೆಗಳಲ್ಲಿ ಕಿಲುಬು ಕಟ್ಟಿ, ದಾರಿಯಲ್ಲೇ ಒತ್ತಡ ಸೋರಿಹೋಗುತ್ತದೆ. ಹ್ಯಾಲೊಜೆನ್ ಬಲ್ಬಿನ ಸ್ವಭಾವವೇನೆಂದರೆ ವೋಲ್ಟೇಜು ಶೇಕಡಾ 10ರಷ್ಟು ಕುಗ್ಗಿದರೆ ಬೆಳಕು ಶೇಕಡಾ 10ರಷ್ಟು ಮಾತ್ರ ಕುಗ್ಗುವುದಿಲ್ಲ, ಸುಮಾರು 30ರಷ್ಟು ಕುಗ್ಗುತ್ತದೆ. ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿಯನ್ನು ಎಳೆದು, ನಡುವೆ ಫ್ಯೂಸ್ ಇಟ್ಟು, ರಿಲೇ ಜೋಡಿಸಿದರೆ ಹಳೆಯ ಸ್ವಿಚ್ಚು ರಿಲೇಯನ್ನು ಎಚ್ಚರಿಸುವ ಕೆಲಸವನ್ನಷ್ಟೇ ಮಾಡುತ್ತದೆ, ಭಾರವಾದ ವಿದ್ಯುತ್ತು ಹೊಸ ತಂತಿಯಲ್ಲಿ ಹರಿಯುತ್ತದೆ. ಬಲ್ಲ ಆಟೋ ಎಲೆಕ್ಟ್ರಿಷಿಯನ್‌ಗೆ ಇದು ಅರ್ಧ ದಿನದ ಕೆಲಸ. ಕವಚ ತಿಳಿಯಾಗಿ, ತಂತಿ ಸರಿಯಾಗಿ, ಮೂಲ ಅಳತೆಯ ಹೊಸ ಬಲ್ಬು ಕುಳಿತಾಗ ಎಷ್ಟೋ ಕಾರುಗಳ ದೀಪ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳುತ್ತದೆ. ಹೊಸದಾಗಿ ಏನನ್ನಾದರೂ ಕೊಳ್ಳಬೇಕೆಂಬ ಆಸೆ ಅಲ್ಲಿಯೇ ತಣ್ಣಗಾದರೆ ಅದು ಲಾಭವೇ.

ಆದರೂ ಪ್ರೊಜೆಕ್ಟರ್ ಬೇಕೆನ್ನುವವರಿಗೆ ಅದು ಮಾಡುವ ಕೆಲಸ ತಿಳಿದಿರಬೇಕು. ಅದನ್ನು ತಿಳಿಸಿಕೊಡಲು ಮನೆಯಲ್ಲಿ ಹತ್ತನೆಯ ತರಗತಿ ಓದುವ ಮಗುವಿದ್ದರೆ ಸಾಕು. ಹಲಗೆಯ ಮೇಲೆ ಎರಡು ಮೊಳೆ ಹೊಡೆದು, ಸಡಿಲವಾದ ದಾರದ ಕುಣಿಕೆಯನ್ನು ಅವೆರಡರ ಸುತ್ತ ಹಾಕಿ, ಪೆನ್ಸಿಲಿನಿಂದ ದಾರವನ್ನು ಬಿಗಿಹಿಡಿದು ಸುತ್ತಿದರೆ ದೀರ್ಘವೃತ್ತ ಮೂಡುತ್ತದೆ. ಮೊಳೆಗಳಿರುವ ಜಾಗಗಳೇ ಅದರ ಎರಡು ನಾಭಿಗಳು. ಒಂದು ನಾಭಿಯಿಂದ ಹೊರಟ ಬೆಳಕಿನ ಕಿರಣ ಒಳಗೋಡೆಗೆ ತಗುಲಿ ಇನ್ನೊಂದು ನಾಭಿಗೇ ಹೋಗಿ ಸೇರುತ್ತದೆ. ಪ್ರೊಜೆಕ್ಟರಿನ ಬಟ್ಟಲು ಈ ಆಕಾರದ್ದು. ಬಲ್ಬು ಮೊದಲ ನಾಭಿಯಲ್ಲಿರುತ್ತದೆ. ಬೆಳಕೆಲ್ಲವೂ ಕೂಡಿಕೊಳ್ಳುವ ಎರಡನೆಯ ನಾಭಿಯ ಬಳಿ ಒಂದು ಲೋಹದ ತಗಡು ಅಡ್ಡ ನಿಂತಿರುತ್ತದೆ. ಅದರ ಮುಂದೆ ಪೀನ ಮಸೂರ. ತಗಡು ಬೆಳಕಿನ ಕೆಳಭಾಗವನ್ನು ತಡೆಯುತ್ತದೆ, ಮಸೂರವು ಬಿಂಬವನ್ನು ತಲೆಕೆಳಗು ಮಾಡುತ್ತದೆ. ಆದುದರಿಂದ ರಸ್ತೆಯ ಮೇಲೆ ಬೆಳಕು, ಅದರ ಮೇಲ್ಭಾಗದಲ್ಲಿ ಕತ್ತಲೆ, ನಡುವೆ ಚಾಕುವಿನಿಂದ ಕುಯ್ದಂತಹ ಗೆರೆ. ಪ್ರೊಜೆಕ್ಟರಿನ ಗುಣವೆಲ್ಲ ಆ ಗೆರೆಯಲ್ಲಿದೆ. ಎಷ್ಟು ಬೆಳಕು ಬರುತ್ತದೆಂಬುದು ಎರಡನೆಯ ಮಾತು. ಬೆಳಕು ಎಲ್ಲಿ ನಿಲ್ಲುತ್ತದೆಂಬುದು ಮೊದಲನೆಯದು. ಹೈ ಬೀಮ್ ಬೇಕಾದಾಗ ತಗಡನ್ನು ಸರಿಸಿಬಿಡುವ ಪುಟ್ಟ ವಿದ್ಯುತ್ಕಾಂತವಿರುವ ಬಗೆಯೂ ಉಂಟು.

ಹಳೆಯ ಪ್ರತಿಫಲಕ ದೀಪದಲ್ಲಿ ಈ ಕೆಲಸವನ್ನು ಎಚ್4 ಬಲ್ಬೇ ಮಾಡುತ್ತಿತ್ತು. 1971ರಿಂದ ಬಳಕೆಯಲ್ಲಿರುವ ಈ ಬಲ್ಬಿನೊಳಗೆ ಎರಡು ತಂತುಗಳಿವೆ. ಲೋ ಬೀಮಿನ ತಂತುವಿನ ಕೆಳಗೆ ಒಂದು ಸಣ್ಣ ಲೋಹದ ದೊನ್ನೆಯಿದೆ. ಬೆಳಕು ಕೆಳಮುಖವಾಗಿ ಪ್ರತಿಫಲಕಕ್ಕೆ ಬೀಳದಂತೆ ಅದು ತಡೆಯುತ್ತದೆ. ಮೇಲರ್ಧಕ್ಕೆ ಬಿದ್ದ ಬೆಳಕು ತಗ್ಗಿ ರಸ್ತೆಗೆ ಇಳಿಯುತ್ತದೆ. ತಂತು ಒಂದೆರಡು ಮಿಲಿಮೀಟರ್ ಸ್ಥಾನ ತಪ್ಪಿದರೂ ಲೆಕ್ಕ ಕೆಡುವಷ್ಟು ಸೂಕ್ಷ್ಮವಾದ ವ್ಯವಸ್ಥೆಯಿದು. ಈಗ ಆ ಬಲ್ಬನ್ನು ಕಿತ್ತು ಅದೇ ರಂಧ್ರದಲ್ಲಿ ಎಲ್‌ಇಡಿ ಬಲ್ಬನ್ನು ತುರುಕಿದರೆ ಏನಾಗುತ್ತದೆಂದು ಊಹಿಸಬಹುದು. ಎಲ್‌ಇಡಿಯಲ್ಲಿ ತೆಳುವಾದ ಸುರುಳಿತಂತು ಇಲ್ಲ. ಪಟ್ಟಿಯ ಎರಡು ಮಗ್ಗುಲಿಗೆ ಅಂಟಿಸಿದ ಚಿಪ್ಪುಗಳಿವೆ. ಪ್ರತಿಫಲಕಕ್ಕೆ ಪರಿಚಯವಿಲ್ಲದ ಜಾಗಗಳಿಂದ ಬೆಳಕು ಹೊರಟು, ಪರಿಚಯವಿಲ್ಲದ ದಿಕ್ಕುಗಳಿಗೆ ಚೆದುರುತ್ತದೆ. ಝೀನಾನ್ ಬಲ್ಬನ್ನು ಹಳೆಯ ಪ್ರತಿಫಲಕದಲ್ಲಿ ಕೂರಿಸುವುದು ಇನ್ನೂ ಕೆಟ್ಟದ್ದು. ಕಾರ್ಖಾನೆಗಳು ಝೀನಾನ್‌ಗೆಂದೇ ರೂಪಿಸಿದ ಡಿ2ಎಸ್ ಬಲ್ಬು ಸುಮಾರು 3,200 ಲೂಮೆನ್ ಬೆಳಕು ಕೊಡುತ್ತದೆ. ಎಚ್4ರ ಲೋ ಬೀಮು ಕೊಡುವುದು ಸುಮಾರು 1,000. ಮೂರರಷ್ಟು ಬೆಳಕನ್ನು ಕಡಿವಾಣವಿಲ್ಲದ ಬಟ್ಟಲಿಗೆ ಸುರಿದರೆ ಅದು ಎದುರಿನವರ ಕಣ್ಣಿಗೇ ಹೋಗುವುದು. ಇಷ್ಟಾದರೂ ಬಲ್ಬು ಬದಲಿಸಿದ ಚಾಲಕರಿಗೆ ರಸ್ತೆ ಹೆಚ್ಚು ಕಾಣುವಂತೆ ತೋರುವುದುಂಟು. ಕಾರಿನ ಮೂತಿಯ ಮುಂದಿನ ಹತ್ತು ಹದಿನೈದು ಮೀಟರು ಬೆಳ್ಳಗೆ ಹೊಳೆಯುತ್ತದೆ. ಆ ಹೊಳಪಿಗೆ ಕಣ್ಣಿನ ಪಾಪೆ ಕಿರಿದಾಗಿ ದೂರದ ಕತ್ತಲೆ ಇನ್ನಷ್ಟು ಕಪ್ಪಾಗುತ್ತದೆ. ಹತ್ತಿರ ಕಂಡ ಸಂತೋಷದಲ್ಲಿ ದೂರ ಕಾಣದಿರುವುದು ಗಮನಕ್ಕೆ ಬರುವುದಿಲ್ಲ.

ದೂರದ ಪ್ರಾಮುಖ್ಯವನ್ನು ಒಂದು ಸಣ್ಣ ಲೆಕ್ಕ ತೋರಿಸುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ 22 ಮೀಟರ್ ಸಾಗುತ್ತದೆ. ಅಡ್ಡ ಬಂದದ್ದನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡ್ ಬೇಕೆಂದರೆ 33 ಮೀಟರ್ ಅಲ್ಲಿಯೇ ಕಳೆದಿರುತ್ತದೆ. ಒಣ ಸಮತಟ್ಟು ರಸ್ತೆಯಲ್ಲಿ ಒಳ್ಳೆಯ ಟಯರಿನ ಕಾರು ನಿಲ್ಲಲು ಮತ್ತೆ ಸುಮಾರು 36 ಮೀಟರ್ ಬೇಕು. ಒಟ್ಟು 70 ಮೀಟರಿಗೆ ಹತ್ತಿರ. ಸರಿಯಾಗಿ ಹೊಂದಿಸಿದ ಲೋ ಬೀಮಿನ ಗೆರೆ ನೆಲ ಮುಟ್ಟುವುದೂ ಸರಿಸುಮಾರು ಅಷ್ಟೇ ದೂರದಲ್ಲಿ. ತೊಪ್ಪೂರಿನ ಇಳಿಜಾರಿನಲ್ಲಿ ನಿಲ್ಲುವ ದೂರ ಇನ್ನೂ ಹೆಚ್ಚುತ್ತದೆ. ಅಲ್ಲಿ 80ರ ವೇಗದಲ್ಲಿ ಇಳಿಯುವವರಿಗೆ ಜಗತ್ತಿನ ಯಾವ ಪ್ರೊಜೆಕ್ಟರೂ ಸಾಲದು.

ಪ್ರೊಜೆಕ್ಟರ್ ಎಂಬುದು ಹೊಸದೇನಲ್ಲ. 1986ರ ಬಿಎಂಡಬ್ಲ್ಯು 7 ಸರಣಿಯ ಕಾರುಗಳಲ್ಲಿ ಅದು ಬಂದಿತ್ತು. 1991ರಲ್ಲಿ ಅದೇ ಸರಣಿಗೆ ಝೀನಾನ್ ದೀಪ, 2007ರಲ್ಲಿ ಲೆಕ್ಸಸ್ ಕಾರೊಂದಕ್ಕೆ ಎಲ್‌ಇಡಿ ಲೋ ಬೀಮ್ ಬಂತು. ನಮ್ಮ ಊರುಗಳಲ್ಲಿ ಅದೇ ಕಾಲದಲ್ಲಿ ಬೇರೆಯೇ ಉಪಾಯವಿತ್ತು. ಹೆಡ್‌ಲೈಟಿನ ಗಾಜಿನ ಮೇಲರ್ಧಕ್ಕೆ ಕಪ್ಪು ಬಳಿಯುವುದು, ನಟ್ಟನಡುವೆ ನಾಣ್ಯದಗಲದ ಕಪ್ಪು ಬೊಟ್ಟಿಡುವುದು. ಪೊಲೀಸರು ರಸ್ತೆಬದಿಯಲ್ಲಿ ನಿಂತು ಲಾರಿ, ಬಸ್ಸುಗಳಿಗೆ ಕಪ್ಪು ಸ್ಟಿಕ್ಕರ್ ಅಂಟಿಸುತ್ತಿದ್ದ ದೃಶ್ಯ ಹಿರಿಯರಿಗೆ ನೆನಪಿದೆ. ದೃಷ್ಟಿಬೊಟ್ಟಿನಂತೆ ಕಾಣುತ್ತಿದ್ದ ಆ ಚುಕ್ಕೆ ಬೆಳಕನ್ನು ಕಡಿಮೆ ಮಾಡುತ್ತಿತ್ತೇ ಹೊರತು ಎಲ್ಲಿ ನಿಲ್ಲಬೇಕೆಂದು ಹೇಳಿಕೊಡುತ್ತಿರಲಿಲ್ಲ. ಉಪಾಯ ಒರಟು, ಉದ್ದೇಶ ಮಾತ್ರ ಸರಿಯಾದದ್ದೇ.

ಇನ್ನು ಪ್ರೊಜೆಕ್ಟರನ್ನು ಹಳೆಯ ದೀಪದೊಳಗೆ ಸೇರಿಸುವ ಕೆಲಸ. ಹೆಡ್‌ಲೈಟಿನ ಕವಚವನ್ನು ಅಂಟಿನಿಂದ ಬೆಸೆದಿರುತ್ತಾರೆ. ದೀಪವನ್ನು ಬಿಚ್ಚಿ, ಹದವಾದ ಶಾಖದ ಓವನ್ನಿನಲ್ಲಿಟ್ಟು ಅಂಟನ್ನು ಮೆತ್ತಗೆ ಮಾಡಿ, ಕವಚವನ್ನು ಬಿಡಿಸಿ, ಪ್ರತಿಫಲಕವನ್ನು ಕೊರೆದು ಒಳಗೆ ಪ್ರೊಜೆಕ್ಟರನ್ನು ಕೂರಿಸುತ್ತಾರೆ. ಎರಡು ಪ್ರೊಜೆಕ್ಟರ್‌ಗಳೂ ಒಂದೇ ಮಟ್ಟದಲ್ಲಿ, ಓರೆಯಾಗದೆ, ಅಲುಗಾಡದೆ ಕುಳಿತಿರಬೇಕು. ಬಳಿಕ ಹೊಸ ಬ್ಯುಟೈಲ್ ಅಂಟಿನಿಂದ ಮತ್ತೆ ಮುಚ್ಚುತ್ತಾರೆ. ಹಳೆಯ ಅಂಟಿನ ಮೇಲೆಯೇ ಸಿಲಿಕೋನ್ ಬಳಿದು ಮುಗಿಸುವ ಕೈಗಳಿಗೆ ಸಿಕ್ಕಿದ ದೀಪ ಐಪ್ಪಸಿಯ ಮೊದಲ ಮಳೆಗೇ ಒಳಗೆ ಬೆವರುತ್ತದೆ. ಆ ಹನಿಗಳು ಬೆಳಕನ್ನು ಚೆದುರಿಸಿ ಗೆರೆಯನ್ನು ಅಳಿಸಿಬಿಡುತ್ತವೆ. ಗಾಳಿಯಾಡಲು ಕಾರ್ಖಾನೆಯವರು ಬಿಟ್ಟ ಸಣ್ಣ ರಂಧ್ರಗಳನ್ನು ಮುಚ್ಚಿಬಿಟ್ಟರೂ ಅದೇ ಫಲ.

ಕೊಳ್ಳುವವರು ನೋಡಲೇಬೇಕಾದ, ಆದರೆ ಬಹುತೇಕ ಯಾರೂ ನೋಡದ ಒಂದು ಸಂಗತಿಯಿದೆ. ನಾವು ರಸ್ತೆಯ ಎಡಬದಿಯಲ್ಲಿ ಓಡಿಸುವವರು. ನಮ್ಮ ದೀಪದ ಗೆರೆ ಬಲಗಡೆ, ಅಂದರೆ ಎದುರಿನ ವಾಹನ ಬರುವ ಕಡೆ, ತಗ್ಗಿರಬೇಕು. ಎಡಗಡೆ ತುಸು ಏರಿ ರಸ್ತೆಯಂಚಿನ ಪಾದಚಾರಿಯನ್ನೂ ನಾಮಫಲಕವನ್ನೂ ತೋರಿಸಬೇಕು. ಯುರೋಪಿನ ಬಹುಭಾಗ, ಅಮೆರಿಕ, ಚೀನಾಗಳಲ್ಲಿ ವಾಹನಗಳು ಬಲಬದಿಯಲ್ಲಿ ಓಡುತ್ತವೆ. ಅಲ್ಲಿನ ರಸ್ತೆಗಾಗಿ ಮಾಡಿದ ಪ್ರೊಜೆಕ್ಟರಿನಲ್ಲಿ ಈ ಏರು ಬಲಕ್ಕಿರುತ್ತದೆ. ಅದನ್ನು ಇಲ್ಲಿ ಜೋಡಿಸಿದರೆ ಎಷ್ಟೇ ನಾಜೂಕಾಗಿ ಹೊಂದಿಸಿದರೂ ಏರಿದ ಬೆಳಕು ನೇರವಾಗಿ ಎದುರಿನವರ ಮುಖಕ್ಕೆ ಹೋಗುತ್ತದೆ. ಇದನ್ನು ಗುರುತಿಸುವುದು ಕಷ್ಟವಲ್ಲ. ವಿಶ್ವಸಂಸ್ಥೆಯ ನಿಯಮಾವಳಿಗೆ ಒಳಪಟ್ಟ ದೀಪದ ಕವಚದ ಮೇಲೆ ವೃತ್ತದೊಳಗೆ ಇ ಅಕ್ಷರವೂ ದೇಶದ ಸಂಖ್ಯೆಯೂ ಅಚ್ಚಾಗಿರುತ್ತವೆ. ಬಳಿಯಲ್ಲಿ, ದೀಪಕ್ಕೆ ಎದುರಾಗಿ ನಿಂತು ನೋಡುವವರ ಬಲಕ್ಕೆ ಮುಖಮಾಡಿದ ಬಾಣವಿದ್ದರೆ ಅದು ಎಡಬದಿಯ ಸಂಚಾರಕ್ಕಾಗಿ ಮಾಡಿದ್ದು, ಅಂದರೆ ನಮಗೆ ತಕ್ಕದ್ದು. ಎರಡೂ ಕಡೆಗೆ ಬಾಣವಿದ್ದರೆ ಎರಡಕ್ಕೂ ಹೊಂದಿಸಬಹುದು. ಬಾಣವೇ ಇಲ್ಲದಿದ್ದರೆ ಅದು ಬಲಬದಿಯ ದೇಶಗಳದು. ಯಾವ ಗುರುತೂ ಇಲ್ಲದ ದೀಪದ ಬಗ್ಗೆ ಅಂಗಡಿಯವರ ಮಾತಿನ ಹೊರತು ಬೇರೆ ಸಾಕ್ಷ್ಯವಿಲ್ಲ.

ಸಾಕ್ಷ್ಯದ ಮಾತು ಬಂದಮೇಲೆ ಕಾನೂನಿನತ್ತ ತಿರುಗಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 105ನೆಯ ನಿಯಮವು ಚಾಲಕನ ಕಡೆಯಿಂದ ಮಾತಾಡುತ್ತದೆ: ಮುಂದೆ 155 ಮೀಟರ್ ದೂರದ ವ್ಯಕ್ತಿಗಳೂ ವಾಹನಗಳೂ ಸ್ಪಷ್ಟವಾಗಿ ಗೋಚರಿಸುವಂತಹ ದೀಪಗಳಿರಬೇಕು. ಮಂಕು ದೀಪವೂ ಅಪರಾಧವೇ ಎಂಬುದನ್ನು ಎಷ್ಟೋ ಜನರು ಅರಿಯರು. ಮರುನಿಯಮವಾದ 106 ಎದುರಿನವರ ಪಕ್ಷ ವಹಿಸುತ್ತದೆ. ದೀಪದಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಒಂದು ಕಣ್ಣಿದೆಯೆಂದು ಕಲ್ಪಿಸಿ, ಆ ಕಣ್ಣನ್ನು ಕೋರೈಸದಂತೆ ಬೆಳಕು ಕೆಳಕ್ಕೆ ಬಾಗಿರಬೇಕು ಅಥವಾ ಚಾಲಕನು ಬಾಗಿಸುವಂತಿರಬೇಕು ಎನ್ನುತ್ತದೆ. ಶಾಸನದ ಶುಷ್ಕ ಭಾಷೆಯಲ್ಲಿ ಹೀಗೊಂದು ಅನಾಮಿಕ ಕಣ್ಣು ನಿಂತಿರುವುದು ಸೋಜಿಗವೇ ಸರಿ. ಒಂದೂವರೆ ಮೀಟರ್ ಎಂದರೆ ಒಂಬತ್ತನೆಯ ತರಗತಿಯ ಹುಡುಗನೋ ಹುಡುಗಿಯೋ ರಸ್ತೆಯಂಚಿನಲ್ಲಿ ನಿಂತಾಗ ಕಣ್ಣಿರುವ ಎತ್ತರಕ್ಕೆ ಹತ್ತಿರ.

ವಾಹನದ ಮಾರ್ಪಾಡಿನ ವಿಷಯ ಇನ್ನಷ್ಟು ಬಿಗಿ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದೆನ್ನುತ್ತದೆ. ಕೇರಳದಿಂದ ಬಂದ ಪ್ರಾದೇಶಿಕ ಸಾರಿಗೆ ಅಧಿಕಾರಿ ವಿರುದ್ಧ ಕೆ. ಜಯಚಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಈ ನಿಷೇಧವನ್ನು ಎತ್ತಿಹಿಡಿಯಿತು. ಹೆಡ್‌ಲೈಟಿನ ಬಗೆ ನೋಂದಣಿ ಪತ್ರದಲ್ಲಿ ಬರೆದಿರುವುದಿಲ್ಲ, ಆದ್ದರಿಂದ 52 ಅನ್ವಯಿಸದೆಂದು ವಾದಿಸುವವರಿದ್ದಾರೆ. ಆ ವಾದಕ್ಕೆ ಒಂದಿಷ್ಟು ಬಲವಿರಬಹುದು. ಆದರೆ ಅದು ಮಾಲೀಕರನ್ನು ಬಹುದೂರ ಕರೆದೊಯ್ಯಲಾರದು. 2019ರ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣದ 4ನೆಯ ಉಪಪ್ರಕರಣವು, ಕಾಯಿದೆ ಅಥವಾ ನಿಯಮಗಳು ಅನುಮತಿಸದ ರೀತಿಯಲ್ಲಿ ಬಿಡಿಭಾಗಗಳನ್ನು ಜೋಡಿಸಿ ಮಾರ್ಪಡಿಸುವ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ನೋಂದಣಿ ಪತ್ರದ ವಿವರವೆಂಬ ಆಸರೆ ಅಲ್ಲಿಲ್ಲ. ದೀಪಗಳ ಜೋಡಣೆಗೆ ಎಐಎಸ್-008 ಎಂಬ ಮಾನಕವೂ ಇದೆ. ಕಾರ್ಖಾನೆಯಿಂದ ಹೊರಡುವ ಮಾದರಿ ಅದರಂತೆ ಪರೀಕ್ಷೆಗೊಂಡಿರುತ್ತದೆ. ಓವನ್ನಿನಲ್ಲಿ ಬೇಯಿಸಿ, ಕೊರೆದು, ಅಂಟಿಸಿದ ದೀಪಕ್ಕೆ ಅಂತಹ ಪರೀಕ್ಷೆಯ ಪತ್ರವನ್ನು ಯಾರೂ ತೋರಿಸಲಾರರು.

ಹಾಗಾದರೆ ದಾರಿಯೇ ಇಲ್ಲವೆ? ಕಾನೂನಿಗೂ ಕಣ್ಣಿಗೂ ಒಪ್ಪುವ ಒಂದು ದಾರಿಯಿದೆ. ಅನೇಕ ಮಾದರಿಗಳಲ್ಲಿ ಕೆಳದರ್ಜೆಯ ಆವೃತ್ತಿಗೆ ಪ್ರತಿಫಲಕ ದೀಪವನ್ನೂ ಮೇಲ್ದರ್ಜೆಯ ಆವೃತ್ತಿಗೆ ಪ್ರೊಜೆಕ್ಟರ್ ದೀಪವನ್ನೂ ತಯಾರಕರೇ ಕೊಟ್ಟಿರುತ್ತಾರೆ. ಅದೇ ಮಾದರಿಯ, ಅದೇ ವರ್ಷಗಳ ಮೇಲ್ದರ್ಜೆಯ ದೀಪವನ್ನು ತಯಾರಕರ ಬಿಡಿಭಾಗವಾಗಿಯೇ ಕೊಂಡು, ಅವರ ಸೇವಾ ಕೇಂದ್ರದಲ್ಲಿಯೇ ಜೋಡಿಸಿ, ರಸೀತಿಯನ್ನು ಕಾಪಿಟ್ಟರೆ ಕವಚವನ್ನು ಒಡೆಯಬೇಕಿಲ್ಲ, ನಮ್ಮ ರಸ್ತೆಗೆ ಪರೀಕ್ಷಿಸಿದ ದೀಪ ಸಿಗುತ್ತದೆ, ಪ್ರಶ್ನಿಸಿದವರಿಗೆ ತೋರಿಸಲು ಕಾಗದವಿರುತ್ತದೆ. ಬೆಲೆ ಹೆಚ್ಚು, ನಿಜ. ಆ ಅನುಕೂಲವಿಲ್ಲದ ಮಾದರಿಯವರು ಮೊದಲು ಹೇಳಿದ ಕವಚ, ತಂತಿ, ಬಲ್ಬುಗಳ ದುರಸ್ತಿಯಲ್ಲಿ ತೃಪ್ತರಾಗುವುದು ಲೇಸು.

ಟಿಎನ್ 29 ಅಥವಾ ಟಿಎನ್ 30ರ ಫಲಕ ಹೊತ್ತ ಹಳೆಯ ಕಾರುಗಳಿಗೆ ಇದು ದೂರದ ಮಾತಲ್ಲ. ಖಾಸಗಿ ಕಾರಿನ ನೋಂದಣಿಗೆ 15 ವರ್ಷಗಳ ಅವಧಿ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು, ಅದಕ್ಕೆ ವಾಹನವನ್ನು ಪರೀಕ್ಷೆಗೆ ಒಪ್ಪಿಸಬೇಕು. ದೀಪವನ್ನು ಅಲ್ಲಿ ನೋಡುತ್ತಾರೆ. ಹಿಂದಿನ ದಿನ ಹಳೆಯ ದೀಪವನ್ನು ಜೋಡಿಸಿ, ಪರೀಕ್ಷೆ ಮುಗಿದ ಸಂಜೆ ಮತ್ತೆ ಬದಲಿಸುವವರು ಪರೀಕ್ಷಕರ ಕಣ್ಣಿಗೆ ಮಣ್ಣೆರಚಬಹುದು. ಅಪಘಾತವಾದ ಬಳಿಕ ವಾಹನವನ್ನು ಪರಿಶೀಲಿಸುವ ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಮಾತ್ರ ದೀಪ ಇದ್ದಂತೆಯೇ ದಾಖಲಾಗುತ್ತದೆ.

ಆ ವರದಿ ಪರಿಹಾರ ನ್ಯಾಯಮಂಡಳಿಯ ಕಡತ ಸೇರುತ್ತದೆ. ಎದುರಿನ ಪಕ್ಷದವರು ಬೆಳಕು ಕಣ್ಣು ಕೋರೈಸಿತೆಂದು ಹೇಳಿದಾಗ ಗುರುತಿಲ್ಲದ ದೀಪದ ಮಾಲೀಕರಿಗೆ ಉತ್ತರಿಸುವುದು ಕಷ್ಟವಾಗುತ್ತದೆ. ನಿರ್ಲಕ್ಷ್ಯದಲ್ಲಿ ಅವರ ಪಾಲೆಷ್ಟೆಂಬ ಪ್ರಶ್ನೆ ಏಳುತ್ತದೆ. ಹಾಗೆಂದು ಕಣ್ಣು ಕೋರೈಸಿತೆಂಬುದು ಗುದ್ದಿದವರಿಗೆ ಪೂರ್ಣ ರಕ್ಷಣೆಯೂ ಆಗದು. ದಾರಿ ಕಾಣದಾದಾಗ ವೇಗ ತಗ್ಗಿಸುವುದು ಅವರ ಹೊಣೆ. ಸ್ವಂತ ಕಾರಿನ ಹಾನಿಗೆ ವಿಮೆ ಕೇಳುವಾಗಲೂ ತಿಳಿಸದೆ ಮಾಡಿದ ಮಾರ್ಪಾಡು ತಕರಾರಿಗೆ ಎಡೆ ಕೊಡುತ್ತದೆ, ಅದರಲ್ಲೂ ತಂತಿ ಕಾದು ಬೆಂಕಿ ಬಿದ್ದ ಪ್ರಕರಣಗಳಲ್ಲಿ. ವಿದ್ಯುತ್ ಉಪಕರಣಗಳನ್ನು ಪಾಲಿಸಿಯಲ್ಲಿ ಬೇರೆಯಾಗಿ ನಮೂದಿಸಿ ಹೆಚ್ಚುವರಿ ಕಂತು ಕಟ್ಟುವ ಅವಕಾಶವಿದೆ. ಅದನ್ನು ಬಳಸುವವರು ಕಡಿಮೆ.

ದೀಪ ಯಾವುದೇ ಇರಲಿ, ಕಡೆಯ ತೀರ್ಮಾನ ಗೋಡೆಯ ಮೇಲೆ. ಸಂಜೆ ಕತ್ತಲಾದ ಮೇಲೆ ಸಮತಟ್ಟು ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರಕ್ಕೆ ಕಾರನ್ನು ನಿಲ್ಲಿಸಬೇಕು. ಟಯರಿನ ಗಾಳಿ ಸರಿಯಿರಬೇಕು. ಚಾಲಕರ ಆಸನದಲ್ಲಿ ಒಬ್ಬರು ಕುಳಿತಿರಬೇಕು. ನೆಲದಿಂದ ದೀಪದ ನಡುವಿಗಿರುವ ಎತ್ತರವನ್ನು ಅಳೆದು ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯಬೇಕು. ಅದರ ಕೆಳಗೆ 10 ಸೆಂಟಿಮೀಟರಿನಲ್ಲಿ ಇನ್ನೊಂದು ಗೆರೆ. ಲೋ ಬೀಮಿನ ಮೇಲಂಚು ಈ ಎರಡನೆಯ ಗೆರೆಯ ಮೇಲೆ ಕೂರುವಂತೆ ದೀಪದ ಹಿಂದಿನ ತಿರುಪನ್ನು ಹೊಂದಿಸಬೇಕು. ಮೀಟರಿಗೆ ಒಂದು ಸೆಂಟಿಮೀಟರ್ ತಗ್ಗು ಎಂಬುದು ಇಲ್ಲಿನ ಲೆಕ್ಕ. ದೀಪ 65 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಬೆಳಕಿನ ಅಂಚು 65 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಟೇಪು, ಸುಣ್ಣದ ಕಡ್ಡಿ, ತಿರುಪುಳಿ ಸಾಕು. ಟೇಪು ಹಿಡಿಯಲು ಮಕ್ಕಳು ತಾವಾಗಿ ಬರುತ್ತಾರೆ. ತ್ರಿಕೋನದ ಪಾಠ ಇಲ್ಲಿ ಬೇರೆಯೇ ರುಚಿಯಲ್ಲಿ ಸಿಗುತ್ತದೆ.

ಇದು ಒಬ್ಬರೇ ಕುಳಿತಾಗಿನ ಅಳತೆ. ಮಾದಪ್ಪನ ಬೆಟ್ಟಕ್ಕೆಂದು ಮೇಟ್ಟೂರು, ಕೊಳತ್ತೂರುಗಳನ್ನು ದಾಟಿ ಪಾಲಾರ್ ಕಡೆಗೆ ಹೊರಟ ಕಾರಿನ ಹಿಂದಿನ ಆಸನದಲ್ಲಿ ಅಜ್ಜಿ, ತಾಯಿ, ಎರಡು ಮಕ್ಕಳು; ಡಿಕ್ಕಿಯಲ್ಲಿ ಅಡುಗೆಯ ಪಾತ್ರೆ, ಅಕ್ಕಿಮೂಟೆ. ಕಾರಿನ ಹಿಂಭಾಗ ನಾಲ್ಕು ಸೆಂಟಿಮೀಟರ್ ಕುಸಿಯಿತೆನ್ನೋಣ. ಎರಡು ಗಾಲಿಗಳ ನಡುವೆ 2.4 ಮೀಟರ್ ಅಂತರವಿರುವ ಸಣ್ಣ ಕಾರಿನಲ್ಲಿ ಅದು ಮೂತಿಯನ್ನು ಸುಮಾರು ಒಂದು ಡಿಗ್ರಿ ಮೇಲೆತ್ತುತ್ತದೆ. 50 ಮೀಟರ್ ದೂರದಲ್ಲಿ ನೆಲದಿಂದ 15 ಸೆಂಟಿಮೀಟರಿನಲ್ಲಿರಬೇಕಾದ ಬೆಳಕಿನ ಅಂಚು ಈಗ ಸುಮಾರು ಒಂದು ಮೀಟರಿನಲ್ಲಿರುತ್ತದೆ. ಅದು ಎದುರಿನ ಕಾರಿನ ಚಾಲಕರ ಕಣ್ಣಿನ ಮಟ್ಟಕ್ಕೆ ಹತ್ತಿರ. ಪ್ರೊಜೆಕ್ಟರಿನ ಗೆರೆ ಹರಿತವಾದಷ್ಟೂ ಈ ತಪ್ಪು ಹೆಚ್ಚು ಕ್ರೂರ. ಗೆರೆಯ ಕೆಳಗಿನ ದಟ್ಟವಾದ ಬೆಳಕೆಲ್ಲ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. ಅನೇಕ ಕಾರುಗಳಲ್ಲಿ ಸ್ಟಿಯರಿಂಗಿನ ಬಲಕ್ಕೆ 0, 1, 2, 3 ಎಂದು ಬರೆದ ಪುಟ್ಟ ಚಕ್ರವಿರುತ್ತದೆ. ಕಾರು ಕೊಂಡ ದಿನದಿಂದ ಅದನ್ನು ಮುಟ್ಟದವರೇ ಹೆಚ್ಚು. ಭಾರ ಹೆಚ್ಚಿದಂತೆ ದೀಪವನ್ನು ತಗ್ಗಿಸುವುದಕ್ಕಾಗಿಯೇ ಅದನ್ನು ಕೊಟ್ಟಿರುವುದು. ಅಗ್ಗದ ಪ್ರೊಜೆಕ್ಟರ್ ಕೂರಿಸುವಾಗ ಈ ಚಕ್ರದ ಮೋಟಾರನ್ನು ಕಿತ್ತುಹಾಕುವ ಕೆಲಸಗಾರರೂ ಇದ್ದಾರೆ. ಬೇಡವೆಂದು ಮೊದಲೇ ಹೇಳಬೇಕು.

ಪಾಲಾರ್ ದಾರಿ, ಪೆನ್ನಾಗರದಿಂದ ಹೊಗೇನಕಲ್ಲಿಗೆ ಇಳಿಯುವ ದಾರಿ, ಏರ್ಕಾಡಿನ ಇಪ್ಪತ್ತು ಕೊಂಡಿ ತಿರುವುಗಳು, ಇವೆಲ್ಲವೂ ನಡುವೆ ವಿಭಜಕವಿಲ್ಲದ ರಸ್ತೆಗಳು. ಅಲ್ಲಿ ಬೆಳಕು ಎದುರಿನಿಂದ ಬರುತ್ತದೆ. ಎದುರಿನ ವಾಹನ ಕಂಡೊಡನೆ ಡಿಮ್ ಮಾಡುವುದು ಸೌಜನ್ಯವೆಂದು ಭಾವಿಸುವವರುಂಟು. ಅದು ಚಾಲನಾ ನಿಯಮ. 2017ರ ಚಾಲನಾ ವಿನಿಯಮಗಳನ್ನು ಮೀರಿದರೆ 177ಎ ಪ್ರಕರಣದಂತೆ 500ರಿಂದ 1,000 ರೂಪಾಯಿವರೆಗೆ ದಂಡವಿದೆ. ಎಂತಹ ಪ್ರೊಜೆಕ್ಟರೂ ಹೈ ಬೀಮಿನಲ್ಲಿ ತಗಡನ್ನು ಸರಿಸಿದ ಮೇಲೆ ಬರೀ ಟಾರ್ಚು. ತೊಪ್ಪೂರಿನಲ್ಲಿ ಇಳಿಯುವ, ಏರುವ ಪಥಗಳು ಬೇರೆಯಾಗಿರುವುದರಿಂದ ಅಲ್ಲಿ ಕಾಟ ಕೊಡುವುದು ಹಿಂದಿನ ವಾಹನದ ದೀಪ. ಸಂಕಗಿರಿ, ನಾಮಕ್ಕಲ್ ಕಡೆಯ ಎತ್ತರದ ಲಾರಿಯೊಂದು ಬೆನ್ನಿಗೆ ಬಂದರೆ ಕನ್ನಡಿ ಬೆಂಕಿಯಾಗುತ್ತದೆ. ಒಳಗಿನ ಕನ್ನಡಿಯ ಕೆಳಗಿರುವ ಸಣ್ಣ ಸನ್ನೆಯನ್ನು ಮಡಿಚಿದರೆ ಬಿಂಬ ಮಂಕಾಗುತ್ತದೆ; ಲಾರಿಗೆ ದಾರಿ ಬಿಡುವುದು ಅದಕ್ಕಿಂತಲೂ ಒಳ್ಳೆಯದು. ಇಳಿಜಾರು ಆರಂಭವಾಗುವ ನೆತ್ತಿಯಲ್ಲಿ ಪ್ರತಿ ಕಾರಿನ ದೀಪವೂ ಒಂದು ಕ್ಷಣ ರಸ್ತೆಯನ್ನು ಬಿಟ್ಟು ಆಕಾಶಕ್ಕೆ ಹೋಗುತ್ತದೆ; ಮುಂದಿನ ನೆಲ ಆಗ ಕತ್ತಲು. ಆ ನೆತ್ತಿಗೆ ಮೊದಲೇ ಗೇರನ್ನು ಇಳಿಸಿರಬೇಕು.

ಕಾರು ಓಡಿಸುವವರು ಐವತ್ತು ಅರವತ್ತು ದಾಟಿದವರಾಗಿದ್ದರೆ ಇನ್ನೊಂದನ್ನು ಗಮನಿಸಬೇಕು. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಮೂರರಲ್ಲೊಂದು ಪಾಲಿನಷ್ಟು. ಕಣ್ಣಿನ ಮಸೂರವೂ ಹೆಡ್‌ಲೈಟಿನ ಕವಚದಂತೆಯೇ ವರ್ಷಗಳಲ್ಲಿ ಹಳದಿಯಾಗಿ ಬೆಳಕನ್ನು ಚೆದುರಿಸುತ್ತದೆ. ರಾತ್ರಿ ದೀಪಗಳ ಸುತ್ತ ಪ್ರಭಾವಳಿ ಕಾಣುತ್ತಿದ್ದರೆ ಬಿಡಿಭಾಗಗಳ ಅಂಗಡಿಗೆ ಹೋಗುವ ಮೊದಲು ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಪೊರೆ ಬೆಳೆದ ಕಣ್ಣಿಗೆ ರಸ್ತೆ ಕಾಣಲೆಂದು ಕಾರಿಗೆ ಪ್ರೊಜೆಕ್ಟರ್ ಹಾಕಿಸಿದವರೂ ಇಲ್ಲದಿಲ್ಲ.

ಹೊಸ ದೀಪವನ್ನು ಜೋಡಿಸಿದವರು ಒಂದು ತಿಂಗಳ ಬಳಿಕ ಮತ್ತೊಮ್ಮೆ ಅದೇ ಗೋಡೆಯ ಮುಂದೆ ಕಾರನ್ನು ನಿಲ್ಲಿಸಿ ನೋಡಬೇಕು. ನಮ್ಮ ರಸ್ತೆಗಳ ಕುಲುಕಾಟಕ್ಕೆ ತಿರುಪುಗಳು ಸಡಿಲಗೊಳ್ಳುತ್ತವೆ, ಒಂದು ದೀಪ ಮೇಲಕ್ಕೂ ಇನ್ನೊಂದು ಕೆಳಕ್ಕೂ ಸರಿದಿರುತ್ತದೆ. ಸುಣ್ಣದ ಗೆರೆಗಳು ಅಷ್ಟರಲ್ಲಿ ಅಳಿಸಿಹೋಗದಂತೆ ಗೋಡೆಗೆ ಎರಡು ಸಣ್ಣ ಮೊಳೆ ಹೊಡೆದಿಟ್ಟುಕೊಳ್ಳುವುದು ಸುಲಭ. ದೀಪಾವಳಿಗೆ ಊರಿಗೆ ಹೊರಡುವ ಹಿಂದಿನ ಸಂಜೆ, ಎಲ್ಲರನ್ನೂ ಕೂರಿಸಿ, ಗಂಟುಮೂಟೆಗಳನ್ನೂ ಏರಿಸಿ, ಆ ಮೊಳೆಗಳ ಎದುರು ಚಕ್ರವನ್ನು ಎಷ್ಟಕ್ಕೆ ತಿರುಗಿಸಬೇಕೆಂದು ನೋಡಿ ಆ ಅಂಕೆಯನ್ನು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಬಹುದು.